ವಪೆಗೆ ಕಸರತ್ತು: ಹೊಟ್ಟೆ ಮೇಲಿನ ಕೈ ಏಳುತ್ತಿದೆಯೇ ನೋಡಿ

ಡಯಾಫ್ರಮ್ ಅಂದರೆ ವಪೆ, ಎದೆಗೂಡಿನ ತಳದಲ್ಲಿ ಕಮಾನಿನಂತಿರುವ ಸ್ನಾಯು. ಕತ್ತಿನ 3, 4, 5ನೇ ನರಬೇರುಗಳಿಂದ ಬರುವ ಫ್ರೆನಿಕ್ ನರ ಆಜ್ಞೆ ಕೊಟ್ಟಾಗ ಕುಗ್ಗಿ ಕೆಳಗಿಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಶ್ವಾಸಕೋಶಕ್ಕೆ ಗಾಳಿ ನುಗ್ಗುತ್ತದೆ.

ಮಂಡಿ ಮಡಚಿ ಅಂಗಾತ ಮಲಗಿ. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕುಳಿಗಿಂತ ಸ್ವಲ್ಪ ಮೇಲೆ. ಮೂಗಿನಿಂದ ನಿಧಾನವಾಗಿ ಉಸಿರು ಎಳೆಯಿರಿ. ಹೊಟ್ಟೆ ಮೇಲಿನ ಕೈ ಏಳಬೇಕು, ಎದೆಯದ್ದು ಹೆಚ್ಚು ಅಲುಗಬಾರದು. ತುಟಿ ಚೂಪು ಮಾಡಿ ಎರಡರಷ್ಟು ಹೊತ್ತು ಬಿಡಿ. 5 ನಿಮಿಷ, ದಿನಕ್ಕೆ 3 ಸಲ ಸಾಕು. ಹೊಟ್ಟೆಯನ್ನು ಬೇಕಂತಲೇ ಉಬ್ಬಿಸಬೇಡಿ, ಅದರಿಂದ ವಪೆಗೆ ಕೆಲಸವಿಲ್ಲ. ತಲೆ ಸುತ್ತಿದರೆ ನಿಲ್ಲಿಸಿ.

ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಗಾಳಿ ಒಳಗೇ ಸಿಕ್ಕಿಕೊಂಡು ವಪೆಯ ಕಮಾನು ಚಪ್ಪಟೆಯಾಗಿರುತ್ತದೆ, ಎಳೆಯುವ ಬಲ ತಗ್ಗುತ್ತದೆ. ಅವರು ಫಿಸಿಯೋಥೆರಪಿಸ್ಟ್ ಮುಂದೆಯೇ ಕಲಿಯಲಿ. ಮಲಗಿದರೆ ಉಸಿರು ಕಟ್ಟುತ್ತದೆ, ಎಳೆದಾಗ ಹೊಟ್ಟೆ ಒಳಕ್ಕೆ ಹೋಗುತ್ತದೆ ಅಂದರೆ ಕಸರತ್ತು ಬೇಡ, ಮೊದಲು ವೈದ್ಯರಿಗೆ ತೋರಿಸಿ.