ಪಟಾಕಿ ಸದ್ದಿಗೆ ನಾಯಿ ಬೆದರದಂತೆ ಪಳಗಿಸುವುದು ಹೇಗೆ?

ಮೊದಲ ಪಟಾಕಿ ಸಿಡಿದ ಕೂಡಲೇ ಮಂಚದಡಿ ನುಸುಳುವ ನಾಯಿಯನ್ನು ಗದರಿಸಿದರೂ ಭಯ ಹೋಗದು, ಎಳೆದು ಹೊರತಂದರೂ ಹೋಗದು. ಅದರ ಮನಸ್ಸಿನಲ್ಲಿ ಸದ್ದಿಗೂ ಅಪಾಯಕ್ಕೂ ಗಂಟು ಬಿದ್ದಿದೆ. ಅದೇ ಸದ್ದಿಗೆ ಈಗ ಬೇರೊಂದು ಗಂಟು ಹಾಕಬೇಕು: ಢಂ ಎಂದರೆ ಕೋಳಿ ತುಂಡು. ಮನಃಶಾಸ್ತ್ರದಲ್ಲಿ ಇದಕ್ಕೆ ಪ್ರತಿ-ಅನುಬಂಧನ (ಕೌಂಟರ್ ಕಂಡೀಷನಿಂಗ್) ಎನ್ನುತ್ತಾರೆ. ಗಣೇಶ ವಿಸರ್ಜನೆಯ ಗದ್ದಲ ಮುಗಿಯುತ್ತಲೇ ಶುರುಮಾಡಿದರೆ ದೀಪಾವಳಿಗೆ ಆರೇಳು ವಾರ ಸಿಗುತ್ತದೆ.

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಅವರ ಪ್ರಯೋಗಾಲಯದಲ್ಲಿ ನಾಯಿಗೆ ಮೆಟ್ರೊನೋಮ್‌ನ, ಅಂದರೆ ತಾಳ ಹಿಡಿಯುವ ಯಂತ್ರದ, ಟಿಕ್ ಟಿಕ್ ಕೇಳಿಸಿ ಆಹಾರ ಕೊಡುತ್ತಿದ್ದರು. ಕೆಲವು ಸುತ್ತಿನ ನಂತರ ಬರೀ ಟಿಕ್ ಟಿಕ್‌ಗೇ ನಾಯಿಯ ಬಾಯಲ್ಲಿ ಜೊಲ್ಲು. 1924ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಇದೇ ದಾರಿಯಲ್ಲಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯ ಬಿಡಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಒಮ್ಮೆಲೇ ತಂದಿದ್ದರೆ ತಿಂಡಿಯ ಮೇಲೇ ಭಯ ಕೂರುತ್ತಿತ್ತು.

ಬೇಕಾದ್ದು ಪಟಾಕಿ ಸದ್ದಿನ ರೆಕಾರ್ಡಿಂಗ್, ಒಂದು ಒಳ್ಳೆಯ ಸ್ಪೀಕರ್, ಉಪ್ಪು ಮಸಾಲೆ ಈರುಳ್ಳಿ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ. ತುಂಡು ಕಡಲೆಕಾಳಿನಷ್ಟಿದ್ದರೆ ಸಾಕು. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಆಟಂಬಾಂಬಿನ ಎದೆ ನಡುಗಿಸುವ ದಪ್ಪ ದನಿ ಹೊರಡದು. ಅದರಲ್ಲಷ್ಟೇ ಪಳಗಿದ ನಾಯಿ ಬೀದಿಯ ಸದ್ದಿಗೆ ಮತ್ತೆ ಬೆದರುತ್ತದೆ.

ಊಟಕ್ಕೆ ಮುಂಚೆ, ಹಸಿವಿರುವಾಗ ಕೂರಿ. ನಾಯಿ ಕಿವಿ ನಿಮಿರಿಸಬೇಕು, ಆದರೆ ತಿನ್ನುವುದನ್ನು ಬಿಡಬಾರದು. ಸದ್ದು ಅಷ್ಟು ಸಣ್ಣಗಿರಲಿ. ಎರಡು ಸೆಕೆಂಡು ಸದ್ದು, ಅದು ನಿಲ್ಲುವ ಮೊದಲೇ ಬಾಯಿಗೆ ಕೋಳಿ. ಸದ್ದು ನಿಂತರೆ ಕೋಳಿಯೂ ಬಂದ್. ಹೀಗೆ ಆರರಿಂದ ಎಂಟು ಸಲ, ದಿನಕ್ಕೆ ಎರಡು ಹೊತ್ತು. ನಡುವಿನ ಬಿಡುವು ಒಮ್ಮೆ ಅರ್ಧ ನಿಮಿಷ, ಒಮ್ಮೆ ಎರಡು ನಿಮಿಷ ಇರಲಿ.

ಹೆಚ್ಚಿನವರು ಎಡವುವುದು ಇಲ್ಲೇ. ಕೈ ಮೊದಲು ಡಬ್ಬಿಗೆ ಹೋಗುತ್ತದೆ, ಆಮೇಲೆ ಸದ್ದು ಬರುತ್ತದೆ. ಆಗ ನಾಯಿ ಕಲಿಯುವುದು ‘ಡಬ್ಬಿ ತೆಗೆದರೆ ಕೋಳಿ’ ಎಂದು, ಪಟಾಕಿಯ ಬಗ್ಗೆ ಏನೂ ಅಲ್ಲ. ಇನ್ನೂ ಕೆಟ್ಟದೆಂದರೆ, ಡಬ್ಬಿಯೇ ಸದ್ದಿನ ಮುನ್ಸೂಚನೆಯಾಗಿ ಡಬ್ಬಿಗೂ ಹೆದರಬಹುದು. ಆದ್ದರಿಂದ ತುಂಡುಗಳನ್ನು ಮೊದಲೇ ಬೆನ್ನ ಹಿಂದಿನ ತಟ್ಟೆಯಲ್ಲಿಟ್ಟು, ಸದ್ದು ಕೇಳುವವರೆಗೂ ಕೈ ಅಲ್ಲಾಡಿಸಬೇಡಿ.

ಸದ್ದು ಕೇಳಿದೊಡನೆ ನಾಯಿ ‘ಎಲ್ಲಿ ನನ್ನ ಪಾಲು’ ಎಂಬಂತೆ ನಿಮ್ಮ ಮುಖ ನೋಡತೊಡಗಿದರೆ ಗಂಟು ಬಿದ್ದಿದೆ. ಆಗಷ್ಟೇ ದನಿಯನ್ನು ಒಂದು ಗೆರೆ ಏರಿಸಿ. ಬಾಲ ಮುದುರಿದರೆ, ಹಸಿವಿಲ್ಲದಂತೆ ತುಂಡು ಉಗುಳಿದರೆ, ಸುಮ್ಮಸುಮ್ಮನೆ ಆಕಳಿಸಿದರೆ ನೀವು ಅವಸರ ಮಾಡಿದ್ದೀರಿ. ಎರಡು ಗೆರೆ ಇಳಿಸಿ. ಹಜಾರದಲ್ಲಿ ಕಲಿತದ್ದು ಹಿತ್ತಿಲಿನಲ್ಲಿ ತಾನಾಗಿ ನೆನಪಾಗದು. ಜಾಗ ಬದಲಿಸಿ, ಹೊತ್ತು ಬದಲಿಸಿ, ಸರಪಟಾಕಿ, ರಾಕೆಟ್‌ಗಳ ಸದ್ದನ್ನೂ ಸೇರಿಸಿ. ಪ್ರತಿ ಸಲವೂ ಸಣ್ಣ ದನಿಯಿಂದಲೇ ಶುರು.

ಹಬ್ಬದ ದಿನ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಪ್ರತಿ ಸ್ಫೋಟದ ಬೆನ್ನಿಗೇ ಕೋಳಿ ಕೊಡಿ. ತಿನ್ನಿಸಿದರೆ, ಮೈದಡವಿದರೆ ಹೆದರಿಕೆಗೆ ಕುಮ್ಮಕ್ಕು ಕೊಟ್ಟಂತಾಗುತ್ತದೆ ಎಂಬ ಮಾತು ತಪ್ಪು. ಭಯವೆಂಬುದು ತಿಂಡಿಗಾಗಿ ಮಾಡುವ ನಾಟಕವಲ್ಲ. ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟು ಗಾಬರಿಯಾಗುವ ನಾಯಿಯನ್ನು ಹಬ್ಬಕ್ಕೆ ವಾರಗಳ ಮೊದಲೇ ಪಶುವೈದ್ಯರಿಗೆ ತೋರಿಸಿ.

ಹಳೆಯ ಗಂಟು ಅಳಿದುಹೋಗಿರುವುದಿಲ್ಲ, ಹೊಸದರಡಿ ಹುದುಗಿರುತ್ತದೆ ಅಷ್ಟೆ. ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ತಲೆ ಎತ್ತುತ್ತದೆ. ಹಬ್ಬ ಮುಗಿದ ಮೇಲೂ ತಿಂಗಳಿಗೆರಡು ಸಲ, ಐದೈದು ನಿಮಿಷ, ಸದ್ದು ಮತ್ತು ಕೋಳಿ ಜೊತೆಯಾಗಲಿ.