ಆಲೂಗಡ್ಡೆ ಹೊಲದ ಗಾಳಿಯಲ್ಲಿ ಅಂಗಮಾರಿಯನ್ನು ಹಿಡಿದ ಬಗೆ: ನನ್ನ ಅನುಭವ

ಎಲೆಯ ಮೇಲೆ ಚುಕ್ಕೆ ಕಾಣುವ ಮೊದಲೇ ಅಂಗಮಾರಿ ರೋಗದ ಬೀಜಕಗಳನ್ನು (ರೋಗ ಹರಡುವ ಸೂಕ್ಷ್ಮ ಕಣಗಳನ್ನು) ಗಾಳಿಯಲ್ಲಿ ಗುರುತಿಸುವ ಬಯೋಸೆನ್ಸರ್ ಹಾಸನದ ಮುಂಗಾರಿನಲ್ಲಿ ನಡೆಯದು ಎಂದವರೇ ಹೆಚ್ಚು. ಕಳೆದ ಹಂಗಾಮಿನಲ್ಲಿ ಅದು ನಡೆಯಿತು. ಮೊದಲ ಚುಕ್ಕೆಗಿಂತ ಮೂರ್ನಾಲ್ಕು ದಿನ ಮುಂಚೆಯೇ ನನ್ನ ಸಾಧನ ಏರಿಕೆ ತೋರಿಸಿತು.

ಆರಂಭದಲ್ಲಿ ಪ್ರತಿಕಾಯ (ಬೀಜಕಕ್ಕೆ ಅಂಟಿಕೊಳ್ಳುವ ಪ್ರೋಟೀನು) ಲೇಪಿಸಿದ ಎಲೆಕ್ಟ್ರೋಡನ್ನು ಹೊಲದಲ್ಲೇ ಇಟ್ಟಿದ್ದೆ. ಜಡಿಮಳೆ ಹಿಡಿದರೆ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಕುಸಿಯುತ್ತಿತ್ತು, ಬಿಸಿಲು ಬಿದ್ದರೆ ಏರುತ್ತಿತ್ತು; ಅದರಲ್ಲಿ ಬೀಜಕದ ಪಾಲು ಎಷ್ಟೆಂದು ಹೇಳಲಾಗುತ್ತಿರಲಿಲ್ಲ. ಎಲೆಕ್ಟ್ರೋಡ್ ಒಂದಕ್ಕೆ ಮುನ್ನೂರು ರೂಪಾಯಿಯಾದರೆ ಪ್ರತಿಕಾಯದ ಪುಟ್ಟ ಸೀಸೆಗೆ ನಲವತ್ತು ಸಾವಿರದ ಆಸುಪಾಸು. ಒಂದು ಸೀಸೆ ದಾರಿಯಲ್ಲಿ ಐಸ್ ಕರಗಿ ಕೆಟ್ಟು ಬಂತು. ಮಾರಿದವರು ಹಣ ಹಿಂತಿರುಗಿಸಲಿಲ್ಲ. ಫಲಿತಾಂಶ ಕಾಣುವ ಮೊದಲೇ ಒಂದೂವರೆ ಲಕ್ಷದಷ್ಟು ಕರಗಿತ್ತು.

ದಾರಿ ತೆರೆದದ್ದು, ಹಿಡಿಯುವ ಕೆಲಸವನ್ನೂ ಅಳೆಯುವ ಕೆಲಸವನ್ನೂ ಬೇರ್ಪಡಿಸಿದಾಗ. ಮೊದಲು ವ್ಯಾಸಲೀನ್ ಸವರಿ ಗಾಳಿಯಲ್ಲಿ ತಿರುಗಿಸಿದ ಕಡ್ಡಿಗಳು ಬೀಜಕಗಳನ್ನೇನೋ ಹಿಡಿದವು, ಆದರೆ ಆ ಜಿಡ್ಡು ಎಲೆಕ್ಟ್ರೋಡಿಗೂ ಅಂಟಿ ಪ್ರತಿಕಾಯವನ್ನು ಮುಚ್ಚಿತು. ಆದ್ದರಿಂದ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳನ್ನು ನೇರವಾಗಿ ಸಣ್ಣ ಟ್ಯೂಬಿಗೆ ಇಳಿಸುವ ಸೈಕ್ಲೋನ್ ಮಾಡಿಕೊಂಡೆ. ಬೆಳಗ್ಗೆ ತೇವ ಇಳಿಯುವ ಹೊತ್ತಿಗೆ ಬೀಜಕಗಳು ಹೆಚ್ಚಾಗಿ ಕಳಚಿಕೊಳ್ಳುವುದರಿಂದ ಎಂಟರಿಂದ ಮಧ್ಯಾಹ್ನದವರೆಗೆ ಮಾತ್ರ ಅದನ್ನು ಓಡಿಸುತ್ತೇನೆ.

ಪಕ್ಕದ ಮೆಕ್ಕೆಜೋಳದ ಪರಾಗ ದೊಡ್ಡ ಕಾಟವಾಗಿತ್ತು. ಅದರ ಕಣ ಎಂಬತ್ತು ಮೈಕ್ರಾನಿಗೂ ಮೇಲು, ಅಂಗಮಾರಿಯ ಬೀಜಕಕೋಶ (ಗಾಳಿಯಲ್ಲಿ ಹಾರುವ ಬೀಜಕ ಇದೇ) ಮೂವತ್ತರ ಹತ್ತಿರ. ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಿಂದ ಐವತ್ತು ಮೈಕ್ರಾನಿನಷ್ಟು ಕಣ್ಣುಗಳಿರುವ ಬಟ್ಟೆ ತಂದು ಟ್ಯೂಬಿನ ಧೂಳನ್ನು ತೊಳೆದ ನೀರನ್ನು (ತೊಳೆನೀರು) ಸೋಸಿದೆ. ಪರಾಗ ಮೇಲೆಯೇ ಉಳಿಯಿತು. ಸೋಸಿದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನಿಂಬೆಯ ಆಕಾರದ, ತುದಿಯಲ್ಲಿ ಪುಟ್ಟ ಉಬ್ಬಿರುವ ಕೋಶಗಳು ಕಂಡವು. ಆ ಹನಿಯನ್ನೇ ಎರಡು ಎಲೆಕ್ಟ್ರೋಡುಗಳ ಮೇಲೆ ಹಾಕುತ್ತೇನೆ: ಒಂದರಲ್ಲಿ ಪ್ರತಿಕಾಯ, ಇನ್ನೊಂದರಲ್ಲಿ ಬೀಜಕಕ್ಕೆ ಅಂಟದ ಪ್ರೋಟೀನಾದ ಬರೀ ಬಿಎಸ್‌ಎ. ಎರಡರ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ತೇವದ ಗೊಂದಲ ತಪ್ಪಿತು. ತೊಳೆನೀರಿನಲ್ಲಿ ಸೋಪಿನಂಥ ಟ್ವೀನ್‌-೨೦ರ ಜೊತೆಗೆ ನಾನು ಬೆರೆಸುವುದೇನು, ಎಷ್ಟು ಹೊತ್ತು ಕುಲುಕಬೇಕು ಎಂಬುದನ್ನು ಸದ್ಯಕ್ಕೆ ಹೇಳಲಾರೆ. ಅದಕ್ಕೆ ತೆತ್ತ ಬೆಲೆ ಹೆಚ್ಚು.

ನನ್ನ ಪ್ರತಿಕಾಯವು ಅಂಗಮಾರಿ, ಕೊಳೆರೋಗ ಎರಡನ್ನೂ ತರುವ ಫೈಟಾಪ್ತೊರಾ ಕುಲವನ್ನೆಲ್ಲ ಗುರುತಿಸುವಂಥದ್ದಾದ್ದರಿಂದ, ಮೂಡಿಗೆರೆಯ ಗೆಳೆಯರೊಬ್ಬರ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೂ ಪರೀಕ್ಷಿಸಿದೆ. ಕೊಳೆತ ಕಾಯಿಯ ತೊಳೆನೀರು ಚೆನ್ನಾಗಿ ಪ್ರತಿಕ್ರಿಯಿಸಿತು. ಅಲ್ಲಿ ರೋಗ ಮಳೆಹನಿಯ ಸಿಡಿತದಿಂದ ಹಬ್ಬುವುದೇ ಹೆಚ್ಚಾದ್ದರಿಂದ ಗಾಳಿಯ ಮಾದರಿಯಲ್ಲಿ ಏನೂ ಸಿಗಲಿಲ್ಲ. ಅಡಿಕೆಗೆ ಹನಿ ಹಿಡಿಯುವ ಬೇರೆ ಸಾಧನವೇ ಬೇಕು.

ಈಗ ಒಂದು ಪರೀಕ್ಷೆಗೆ ಏಳುನೂರು ರೂಪಾಯಿಯವರೆಗೆ ಬೀಳುತ್ತದೆ. ಏರಿಕೆ ಕಂಡ ದಿನವೇ ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಹೊಡೆಸಿದ್ದರಿಂದ ಕಳೆದ ಬಾರಿ ಎರಡು ಸಿಂಪರಣೆ ಉಳಿಯಿತು. ಮುಂದಿನ ಹಂಗಾಮಿಗೆ ಎರಡನೆಯ ಸೈಕ್ಲೋನನ್ನು ಮುಂಗಾರಿನ ಗಾಳಿ ಬರುವ ಪಶ್ಚಿಮದ ಬದುವಿನಲ್ಲಿ ನಿಲ್ಲಿಸುತ್ತೇನೆ.