ಆಣಿ ಒಂದು, ಬಿಲ್ಲು ಮೂರು: ಪಾದದ ಚಿಕಿತ್ಸೆಯ ಖರ್ಚು ಲೆಕ್ಕ ಹಾಕೋದು ಹೇಗೆ?

ಕಿರುಬೆರಳಿನ ಮೇಲಿನ ಒಂದೇ ಆಣಿಯನ್ನು ನಾನು ಮೂರು ಸಲ ತೆಗೆಸಿದ್ದೇನೆ. ಮೂರು ಸಲವೂ ದುಡ್ಡು ಕೊಟ್ಟಿದ್ದೇನೆ. ಮೂರನೇ ಸಲ ಪಾದತಜ್ಞೆ ನನ್ನ ಕಾಲು ಬಿಟ್ಟು ಶೂ ಎತ್ತಿಕೊಂಡರು, ಒಳಗೆ ಬೆರಳಾಡಿಸಿ ‘ಇಲ್ಲಿ ನೋಡಿ’ ಅಂದರು. ಕಿರುಬೆರಳು ತಾಗುವ ಕಡೆ ಹೊಲಿಗೆ ಉಬ್ಬಿ ಕಲ್ಲಿನ ಹಾಗಾಗಿತ್ತು.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ. ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು ಪಾದದ ಸುತ್ತ ಗೆರೆ ಎಳೆಸಿಕೊಳ್ಳಿ, ಅದರ ಮೇಲೆ ದಿನಾ ಹಾಕುವ ಶೂ ಇಡಿ. ಗೆರೆ ಶೂನಿಂದ ಆಚೆ ಕಾಣುತ್ತಿದ್ದರೆ, ಆಣಿ ಎಷ್ಟು ಸಲ ತೆಗೆಸಿದರೂ ಮತ್ತೆ ಬರುತ್ತದೆ.

ಆಮೇಲೆ ಫೋನ್ ಮಾಡಿ. ‘ಒಂದು ಸಲಕ್ಕೆ ಎಷ್ಟು?’ ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ‘ವಾಸಿಯಾಗೋಕೆ ಎಷ್ಟು ಸಲ ಬರಬೇಕಾಗಬಹುದು?’ ಅಂತ ಕೇಳಿ. ನೋಡುವ ಫೀಸು ಬೇರೆ, ತೆಗೆಯುವುದಕ್ಕೆ ಬೇರೆ, ಪರೀಕ್ಷೆ, ಔಷಧಿ, ಡ್ರೆಸಿಂಗು, ಮತ್ತೆ ತೋರಿಸೋಕೆ ಹೋದರೆ ಅದಕ್ಕೂ ಬೇರೆ ಇರಬಹುದು. ಎಲ್ಲ ಕೂಡಿಸಿದಾಗಲೇ ನಿಜವಾದ ಬೆಲೆ ಗೊತ್ತಾಗೋದು.

ಉಗುರು ಮಾಂಸದೊಳಗೆ ಚುಚ್ಚಿ ಪದೇ ಪದೇ ಕೀವಾಗುತ್ತಿದ್ದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರತಿ ಸಲ ಮೂಲೆ ಕತ್ತರಿಸುವುದು ಅಗ್ಗ. ಬೆರಳು ಮರಗಟ್ಟಿಸಿ, ಉಗುರಿನ ಅಂಚು ತೆಗೆದು, ಬೇರಿಗೆ ಫಿನಾಲ್ ಅನ್ನುವ ರಾಸಾಯನಿಕ ಹಚ್ಚುವುದು ದುಬಾರಿ. ಆದರೆ ಬಹಳಷ್ಟು ಜನಕ್ಕೆ ಆ ಅಂಚು ಮತ್ತೆ ಬೆಳೆಯುವುದಿಲ್ಲ, ಅಲ್ಲಿಗೆ ಖರ್ಚೂ ಮುಗಿಯುತ್ತದೆ.

ಜಾಸ್ತಿ ದುಡ್ಡು ಪೋಲಾಗೋದು ಉಗುರಿನ ಫಂಗಸ್‌ಗೆ. ಹಳದಿಯಾಗಿ ದಪ್ಪಗಾದ ಉಗುರೆಲ್ಲ ಫಂಗಸ್ ಅಲ್ಲ. ಪೆಟ್ಟು ಬಿದ್ದರೂ, ಸೋರಿಯಾಸಿಸ್ ಇದ್ದರೂ ಹಾಗೇ ಕಾಣುತ್ತದೆ. ಮೊದಲು ಉಗುರಿನ ಚೂರನ್ನು ಲ್ಯಾಬಿಗೆ ಕಳಿಸಿ ಅಂತ ನೀವೇ ಕೇಳಿ. ಫಂಗಸ್ಸೇ ಆಗಿದ್ದರೆ ಟರ್ಬಿನಾಫಿನ್ ಮಾತ್ರೆ ಸಾಮಾನ್ಯವಾಗಿ 12 ವಾರ, ಜೊತೆಗೆ ಲಿವರ್‌ಗಾಗಿ ರಕ್ತಪರೀಕ್ಷೆ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬರೋಕೆ 12ರಿಂದ 18 ತಿಂಗಳು ಬೇಕು, ಹಾಗಾಗಿ ಮೂರೇ ತಿಂಗಳಿಗೆ ‘ಏನೂ ಆಗಿಲ್ಲ’ ಅಂತ ಇನ್ನೊಬ್ಬರ ಹತ್ತಿರ ಹೋಗಿ ಹೊಸ ಬಿಲ್ಲು ಶುರು ಮಾಡಬೇಡಿ. ಲೇಸರ್ ಬಗ್ಗೆ ಜಾಹೀರಾತು ಜೋರಾಗಿದೆ, ಮಾತ್ರೆಗಿರುವಷ್ಟು ಪುರಾವೆ ಅದಕ್ಕಿಲ್ಲ.

ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸುವ ಶೂ ಒಳಗಿನ ಮೆತ್ತೆಗೆ, ಅಂದರೆ ಇನ್‌ಸೋಲ್‌ಗೆ ಅವಸರ ಬೇಡ. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲು ಟವೆಲನ್ನು ಬೆರಳುಗಳ ಬುಡಕ್ಕೆ ಹಾಕಿ, ಮಂಡಿ ನೆಟ್ಟಗಿಟ್ಟು, ಪಾದವನ್ನು ನಿಮ್ಮ ಕಡೆ ಎಳೆದು ಹಿಡಿಯಿರಿ. ಇದಕ್ಕೆ ಖರ್ಚಿಲ್ಲ. ಸಿದ್ಧ ಇನ್‌ಸೋಲನ್ನೇ ಮೊದಲು ಹಾಕಿ ನೋಡಿ. ಮಾಮೂಲಿ ಹಿಮ್ಮಡಿ ನೋವಿಗೆ ಮಾಡಿಸಿದ್ದು ಅದಕ್ಕಿಂತ ಮೇಲು ಅಂತ ಸ್ಪಷ್ಟವಾಗಿ ಸಾಬೀತಾಗಿಲ್ಲ. ಪಾದದ ಆಕಾರವೇ ಬದಲಾಗಿದ್ದರೆ, ಹುಣ್ಣಾಗಿ ವಾಸಿಯಾಗಿದ್ದರೆ ಮಾತು ಬೇರೆ. ಆಗ ಮಾಡಿಸಿ, ಆದರೆ ಆಮೇಲೆ ಸರಿಪಡಿಸಿ ಕೊಡುವುದೂ ಅದೇ ಬೆಲೆಯಲ್ಲಿ ಸೇರಿದೆಯಾ ಕೇಳಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರು ಮಾತ್ರ ಈ ಲೆಕ್ಕಾಚಾರ ಬಿಡಿ. ವರ್ಷಕ್ಕೊಮ್ಮೆಯಾದರೂ ಪಾದ ತೋರಿಸಬೇಕು. ತೆಳ್ಳನೆಯ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ಇದೆಯಾ ಅಂತ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಅಂಗಡಿಯ ಆಣಿಪಟ್ಟಿ ಮಾತ್ರ ಹಚ್ಚಲೇಬೇಡಿ. ಅದರ ಆಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸ್ಪರ್ಶ ಹೋದ ಕಾಲಿಗೆ ಅದು ಗೊತ್ತೇ ಆಗೋದಿಲ್ಲ.

ಇನ್ನು ವಿಮೆ. ಸುಮ್ನೆ ಉಗುರು ಕತ್ತರಿಸುವುದು, ಗಟ್ಟಿ ಚರ್ಮ ಕೆರೆಯುವುದು ಸಾಮಾನ್ಯವಾಗಿ ವಿಮೆಯಲ್ಲಿ ಬರೋದಿಲ್ಲ. ಅದೇ ಕೆಲಸ ಕಾಯಿಲೆಯ ಕಾರಣಕ್ಕೆ ಬೇಕು ಅಂತ ವೈದ್ಯರು ಬರೆದುಕೊಟ್ಟರೆ ಕೆಲವು ಸಲ ಬರುತ್ತದೆ. ಆ ಚೀಟಿಯನ್ನು ಚಿಕಿತ್ಸೆಗೆ ಮೊದಲೇ ಬರೆಸಿಕೊಳ್ಳಿ, ಬಿಲ್ಲಿನಲ್ಲಿ ಒಂದೊಂದು ಖರ್ಚನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿಸಿ.